ಸವತಿ ಬಿಲ್ಲೆ

ಮದುವೆಯಾಗುವವರೆಗೆ ಪ್ರಮೋದಾಳಿಗೆ ಹೆದರಿಕೆ ಎಂದರೇನೆಂದು ಗೊತ್ತಿರಲಿಲ್ಲ. ನೆಲಮಂಗಲದ ಹತ್ತಿರ, ಹೆದ್ದಾರಿಗೆ ಅಂಟಿಕೊಂಡಂತಿರುವ ಅರಿಶಿನಕುಂಟೆಯಲ್ಲಿ ಲಾರಿಗಳ ಸದ್ದು ಕೇಳುತ್ತಲೇ ಬೆಳೆದವಳು. ಹತ್ತನೇ ಕ್ಲಾಸು ಮುಗಿಸಿ, ಕಂಪನಿ ಬಸ್ಸು ಹತ್ತಿ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಒಂದರಲ್ಲಿ ಹದಿನೈದು ವರ್ಷ ಶರ್ಟಿನ ಕಾಲರ್ ಹೊಲಿದಳು. ಸೂಪರ್‌ವೈಸರ್ ಒಂದು ಅಂದರೆ ಎರಡು ವಾಪಸ್ ಕೊಡುವ ಬಾಯಿ. ಇಬ್ಬರು ತಂಗಿಯರ ಮದುವೆ ಮುಗಿಯುವ ಹೊತ್ತಿಗೆ ಅವಳಿಗೆ ಮೂವತ್ತೊಂದಾಗಿತ್ತು, ಅಪ್ಪ ಸೊಣ್ಣಪ್ಪ ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದ.

ಗಿಲೀಟು ಒಡವೆಯ ವಿಷಯದಲ್ಲಿ ಅವಳನ್ನು ಮೀರಿಸುವವರು ಆ ಫ್ಯಾಕ್ಟರಿಯಲ್ಲಿ ಇರಲಿಲ್ಲ. ನೆಲಮಂಗಲ ಪೇಟೆಯಲ್ಲಿ ಕೊಂಡ ಒಂದು ಗ್ರಾಂ ಗೋಲ್ಡಿನ ಎರಡೆಳೆ ಸರವನ್ನು ಏಳು ವರ್ಷ ಬಾಳಿಸಿದ್ದಳು. ಸೀರೆ, ಪೌಡರು, ಸೆಂಟು ಎಲ್ಲ ಮುಗಿದ ಮೇಲೆ ಕೊನೆಗೆ ಸರ. ಮನೆಗೆ ಬಂದರೆ ಮೊದಲು ಬಿಚ್ಚುವುದೂ ಸರ. ಹಳೆ ಬನಿಯನ್ ಬಟ್ಟೆಯಲ್ಲಿ ಬೆವರು ಒರೆಸಿ, ಹತ್ತಿಯಲ್ಲಿ ಸುತ್ತಿ, ಖಾಲಿ ಪೌಡರ್ ಡಬ್ಬಿಯಲ್ಲಿಡುತ್ತಿದ್ದಳು. ಪಕ್ಕದ ಮಿಷನ್ನಿನ ಹುಡುಗಿಯರು ಮೂರೇ ತಿಂಗಳಿಗೆ ಕಪ್ಪಾದ ಓಲೆ ತಂದು ತೋರಿಸಿದರೆ, "ಹಾಕ್ಕೊಂಡೇ ಸ್ನಾನ ಮಾಡಿದ್ಯಾ? ಮತ್ತಿನ್ನೇನಾಗ್ತದೆ?" ಎಂದು ಬೈದು ಕಳಿಸುತ್ತಿದ್ದಳು. ಇಂಥ ಪ್ರಮೋದಾಳೇ ಗಿಲೀಟನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು ಎಂದರೆ ಆ ಹುಡುಗಿಯರು ನಂಬುವುದಿಲ್ಲ. ಆದರೆ ತಿಕ್ಕಿದ್ದು ನಿಜ, ಅದೂ ಎರಡು ವರ್ಷಕ್ಕೂ ಮಿಕ್ಕಿ, ವಾರ ತಪ್ಪದೆ.

ಆದದ್ದು ಹೀಗೆ. ಆವತಿಯ ದೇವರಾಜ್ ಎಂಬವನ ಸಂಬಂಧ ಬಂತು. ಏರ್‌ಪೋರ್ಟಿನ ಕಾರ್ಗೋದಲ್ಲಿ ಶಿಫ್ಟ್ ಕೆಲಸ, ಊರಲ್ಲಿ ಒಂದಷ್ಟು ದ್ರಾಕ್ಷಿ ತೋಟ, ಮನೆಯಲ್ಲಿ ತಾಯಿ ಅಮ್ಮಯಮ್ಮ. ಹೆಂಡತಿ ಅರ್ಪಿತ ಡೆಂಗಿ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಐದು ವರ್ಷದ ಮಗಳು ಸಿಂಚನ. ಎರಡನೇ ಸಂಬಂಧ ಎಂದು ನೆಂಟರು ಮೂಗು ಮುರಿದರು, ಹಾಗೆ ಮುರಿದವರಲ್ಲಿ ಒಬ್ಬರಾದರೂ ಮೊದಲ ಸಂಬಂಧ ತಂದಿದ್ದವರಲ್ಲ. ಪ್ರಮೋದಾ ಮಗುವಿನ ಫೋಟೋ ನೋಡಿದಳು. ಮುಂದಿನ ಹಲ್ಲು ಬಿದ್ದ ಹುಡುಗಿ ಕ್ಯಾಮೆರಾವನ್ನೇ ಗುರಾಯಿಸುತ್ತಿತ್ತು. ಆ ಗುರಾಯಿಸುವಿಕೆ ಅವಳಿಗೆ ಹಿಡಿಸಿತು, ಹೂಂ ಅಂದಳು.

ಧಾರೆ ಮುಗಿದ ಮೇಲೆ ಅರ್ಪಿತಳ ತಂದೆ ಅಪ್ಪಯ್ಯಣ್ಣ ಮಂಟಪಕ್ಕೆ ಬಂದರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು. ಸರ್ಕಾರಕ್ಕೆ ಭೂಮಿ ಬಿಡುವುದಿಲ್ಲವೆಂದು ಬಿಸಿಲಲ್ಲಿ ಧರಣಿ ಕೂತು ಮೈ ಕಪ್ಪು ಮಾಡಿಕೊಂಡ ಮನುಷ್ಯ, ಹಿಡಿದದ್ದನ್ನು ಬಿಡುವುದು ಅವರ ಜಾಯಮಾನದಲ್ಲೇ ಇಲ್ಲ. ಕೈಯಲ್ಲೊಂದು ಅರಿಶಿನದ ದಾರ, ದಾರದಲ್ಲಿ ಕಾಲ್ರೂಪಾಯಿ ಅಗಲದ ಬಿಲ್ಲೆ, ಬಿಲ್ಲೆಯ ಮೇಲೆ ಕೆತ್ತಿದ ಹೆಣ್ಣಿನ ಮುಖ. ಎರಡನೆಯವಳು ಮೊದಲನೆಯವಳನ್ನು ಕೊರಳಲ್ಲಿ ಧರಿಸಿಯೇ ಮನೆ ತುಂಬಬೇಕು ಎನ್ನುವುದು ಆ ಎರಡು ಮನೆಗಳ ಹಳೆಯ ಪದ್ಧತಿ. ಅದನ್ನು ಅವರು ಸವತಿ ಬಿಲ್ಲೆ ಎನ್ನುತ್ತಿದ್ದರು. ಸತ್ತವಳ ಮೈಮೇಲಿದ್ದ ಚಿನ್ನವನ್ನೇ ಕರಗಿಸಿ ಮಾಡಿಸಬೇಕು, ಆಗ ಅವಳು ಅದರೊಳಗೆ ಬಂದು ನೆಲೆಸುತ್ತಾಳೆ. ವರ್ಷಕ್ಕೊಮ್ಮೆ ಹಿರಿಯರ ಹಬ್ಬದ ದಿನ ಅದನ್ನು ಬಿಚ್ಚಿ ಎಡೆಯ ಮುಂದೆ ಇಡಬೇಕು.

"ನನ್ನ ಮಗಳ ಓಲೆ ಕರಗ್ಸಿ ಮಾಡ್ಸಿರೋದು," ಎಂದರು ಅಪ್ಪಯ್ಯಣ್ಣ, ಎಲ್ಲರಿಗೂ ಕೇಳುವ ಹಾಗೆ. "ಇದು ಬೆಳಗ್ತಿರೋವರ್ಗೂ ಅವ್ಳು ಒಪ್ಪವ್ಳೆ ಅಂತ ತಿಳ್ಕೋತೀನಿ. ಇದು ಕಪ್ಪಾದ ದಿವ್ಸ ನನ್ನ ಮೊಮ್ಮಗಳನ್ನ ನಾನು ಕರ್ಕೊಂಡ್ಹೋಗ್ತೀನಿ."

ಚಿನ್ನ ಎಲ್ಲಾದರೂ ಕಪ್ಪಾಗುತ್ತದೆಯೇ? ಹಿರಿಯರೆಲ್ಲ ತಲೆ ಆಡಿಸಿದರು. ದೇವರಾಜ್ ಕೂಡ ಆಡಿಸಿದ. ಪಾಪ, ತಲೆ ಆಡಿಸುವುದರಲ್ಲಿ ಆತ ಯಾವತ್ತೂ ಹಿಂದೆ ಬಿದ್ದವನಲ್ಲ.

ಆ ಮನೆಯಲ್ಲಿ ಪ್ರಮೋದಾಳ ಬಾಯಿ ತಾನಾಗಿ ಕಟ್ಟಿತು. ಉಪ್ಪಿನ ಜಾಡಿ ಅರ್ಪಿತ ಇಟ್ಟ ಜಾಗದಲ್ಲೇ ಇತ್ತು. ಬಚ್ಚಲ ಗೋಡೆಯಲ್ಲಿ ಅವಳು ಅಂಟಿಸಿದ ಬಿಂದಿಗಳು ಹಾಗೇ ಇದ್ದವು, ಯಾರೂ ಕಿತ್ತಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ತಿರುಗಿದರೆ ಖಾಲಿ ಬಾಗಿಲು, ಆಚೆ ಬೆಟ್ಟ, ಬೆಟ್ಟದ ಮೇಲೆ ತಗ್ಗಿ ಹಾರುವ ವಿಮಾನ. ಹಗಲು ಹೊತ್ತಿನಲ್ಲೇ ಅವಳು ಲೈಟು ಹಾಕಿಕೊಳ್ಳುತ್ತಿದ್ದಳು. ಗಂಡನಿಗೆ ಹೇಳಿದರೆ, "ಹೊಸ ಮನೆ ಅಲ್ವಾ, ಹಂಗೇ ಅನ್ಸೋದು," ಎಂದು ಟಿಫಿನ್ ಬಾಕ್ಸ್ ಎತ್ತಿಕೊಂಡು ಶಿಫ್ಟಿಗೆ ಹೊರಟುಬಿಡುತ್ತಿದ್ದ.

ಹೆದರಿದವರು ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದಳು, ಭಕ್ತಿ ಹಿಡಿದಳು. ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ದೇವರ ಹಿತ್ತಾಳೆ ದೀಪಗಳ ಜೊತೆಗೆ ಬಿಲ್ಲೆಯನ್ನೂ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ ಬೆಳಗುತ್ತಿದ್ದಳು. ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಕರ್ಪೂರ ತೋರಿಸಿ, ಹಸಿಯಾಗಿರುವಾಗಲೇ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. "ಅಕ್ಕಾ, ಮಗು ಇವತ್ತು ಒಂದು ಇಡ್ಲಿ ಜಾಸ್ತಿ ತಿಂದ್ಳು," ಎನ್ನುತ್ತಿದ್ದಳು. "ಅಕ್ಕಾ, ಅವ್ಳನ್ನ ಬಿಟ್ರೆ ನಂಗೇನೂ ಬೇರೆ ಆಸೆ ಇಲ್ಲ. ನನ್ನ ಇಲ್ಲೇ ಬಿಡು." ಅದು ಗಿಲೀಟು ಇರಬಹುದು ಎಂಬ ಅನುಮಾನ ಒಂದೇ ಒಂದು ದಿನ ಅವಳ ತಲೆಗೆ ಬರಲಿಲ್ಲ. ಬದುಕಿರುವವರಿಗೆ ಮೋಸ ಮಾಡುವವರುಂಟು, ಸತ್ತ ಮಗಳ ಹೆಸರಿನಲ್ಲಿ ಯಾರು ಮಾಡುತ್ತಾರೆ?

ಮೊದಲ ವರ್ಷದ ಹಬ್ಬಕ್ಕೆ ಬಿಲ್ಲೆ ಬೆಳಗುತ್ತಿತ್ತು. ಎರಡನೇ ವರ್ಷ ಅಂಚು ಮಂಕಾಗಿತ್ತು, ಅದರ ಮೇಲೆ ಸೇವಂತಿಗೆ ಇಟ್ಟು ಪಾರಾದಳು. ಅಲ್ಲಿಂದಾಚೆ ಅವಳ ಎದೆ ಮೇಲೆ, ಬಿಲ್ಲೆ ಕೂರುವ ಜಾಗದಲ್ಲಿ, ಹಸಿರುಗಪ್ಪು ಕಲೆಯೊಂದು ಏಳತೊಡಗಿತು. ತಿಕ್ಕಿದರೆ ಹೋಗುತ್ತಿತ್ತು, ಸಂಜೆಗೆ ಮತ್ತೆ ಬರುತ್ತಿತ್ತು. ನೀರು ಕಾಯಿಸುವ ಒಲೆಯ ಮುಂದೆ ಅಮ್ಮಯಮ್ಮ ಅದನ್ನು ನೋಡಿ ಕೈಯಲ್ಲಿದ್ದ ಸೌದೆ ಬಿಟ್ಟಳು.

"ಏನೇ ಇದು? ಅರ್ಪಿತ ಮುನಿಸ್ಕೊಂಡವ್ಳೆ ಕಣೇ! ಉಗುರಾಡ್ಸವ್ಳೆ ನೋಡು ನಿನ್ ಮೈಮೇಲೆ!"

ಇನ್ನೂ ಒಂದು ಸಂಗತಿಯಿತ್ತು, ಅದನ್ನು ಪ್ರಮೋದಾ ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಮುದ್ದೆ ಉಂಡು ಚಾಪೆಯ ಮೇಲೆ ಕಣ್ಣು ಹತ್ತಿದಾಗ, ಯಾರೋ ತಣ್ಣನೆಯ ಬೆರಳಲ್ಲಿ ಅವಳ ಕೊರಳು ಸವರುತ್ತಿದ್ದರು. ಎಚ್ಚರವಾದರೆ ಪಕ್ಕದಲ್ಲಿ ಸಿಂಚನ ಮಾತ್ರ, ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಬಿಲ್ಲೆಯ ಮೇಲಿನ ಮುಖ ದಿನದಿನಕ್ಕೆ ಸವೆಯುತ್ತಿತ್ತು, ಮೂಗು ಹೋಯಿತು, ತುಟಿ ಹೋಯಿತು. ಅರ್ಪಿತ ತಾನೇ ಬಂದು ತನ್ನ ಮುಖವನ್ನು ವಾಪಸ್ ತೆಗೆದುಕೊಳ್ಳುತ್ತಿದ್ದಾಳೆ ಎಂದೇ ಪ್ರಮೋದಾ ನಂಬಿದಳು. ಇನ್ನೂ ಜೋರಾಗಿ ತಿಕ್ಕಿದಳು. ತಿಕ್ಕಿದಷ್ಟೂ ಬಿಲ್ಲೆ ಕಪ್ಪಾಯಿತು.

ಮೂರನೇ ವರ್ಷದ ಮಹಾಲಯ ಅಮಾವಾಸ್ಯೆಗೆ ಹತ್ತು ದಿನ ಇದೆ ಎನ್ನುವಾಗ ಅವಳಿಗೆ ಅನ್ನ ಇಳಿಯದಾಯಿತು. ಸಿಂಚನ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದಳು, ಅಷ್ಟೇ. ಅಪ್ಪಿಕೊಳ್ಳುವ ಮಗು ಅಲ್ಲ. ಆದರೆ ಬೆಳಗ್ಗೆ ಜಡೆ ಹಾಕಿಸಿಕೊಳ್ಳುವಾಗ ಬೆನ್ನನ್ನು ಅವಳ ಮೊಣಕಾಲಿಗೆ ಒರಗಿಸಿ ಕೂರುತ್ತಿತ್ತು. ಆ ಭಾರವಿಲ್ಲದ ಬೆಳಗನ್ನು ಪ್ರಮೋದಾಳಿಗೆ ಊಹಿಸುವುದಕ್ಕೇ ಆಗುತ್ತಿರಲಿಲ್ಲ. ಔಷಧಿ ಅಂಗಡಿಗೆ ಎಂದು ಹೇಳಿ ದೇವನಹಳ್ಳಿಯ ಬಸ್ಸು ಹತ್ತಿದಳು.

ಹಳೇ ಪೇಟೆಯ ಗಲ್ಲಿಯಲ್ಲಿ ಚಿನ್ನಸ್ವಾಮಿಯ ಅಂಗಡಿ ಇದೆ, ಅಂಗಡಿ ಎನ್ನುವುದಕ್ಕಿಂತ ಗೂಡು. ಒಡವೆಗೆ ಪಾಲಿಶ್ ಮಾಡುವುದು, ಗಿಲೀಟು ಹಾಕುವುದು ಅವನ ಕಸುಬು. ಹೆಸರಲ್ಲಿ ಚಿನ್ನ ಇಟ್ಟುಕೊಂಡು ಗಿಲೀಟು ಮಾಡ್ತೀಯಲ್ಲೋ ಎಂದು ಕೆಣಕದ ಗಿರಾಕಿಯಿಲ್ಲ. ಬಿಲ್ಲೆಯನ್ನು ಅಂಗೈಯಲ್ಲಿ ತೂಗಿ, ಕಣ್ಣಿಗೆ ಗಾಜು ಏರಿಸಿ ಒಂದೇ ಸಲ ನೋಡಿ, ಅವಳ ಮುಂದಿಟ್ಟ.

"ತಾಮ್ರ ಕಣಮ್ಮ. ಮೇಲೆ ಚಿನ್ನದ ನೀರು ಹಾಕವ್ರೆ."

"ಇಲ್ಲಣ್ಣ, ಚಿನ್ನ ಇದು. ಸರಿಯಾಗಿ ನೋಡಿ."

"ನಲವತ್ತು ವರ್ಷ ಇದ್ನೇ ನೋಡಿರೋದು. ಸವೆದಿರೋ ಕಡೆ ಕೆಂಪಗೆ ಕಾಣ್ತೈತೆ ನೋಡಿ. ಮೈಮೇಲೆ ಕಲೆ ಆಗ್ತಿದ್ರೆ ಅದು ಇದ್ರದ್ದೇ ಕಿಲುಬು. ಬೆವರು ತಾಗಿದ್ರೆ ತಾಮ್ರ ಬಿಡೋದೇ ಹಂಗೆ. ಏನ್ರಲ್ಲಿ ತೊಳೀತೀರಾ?"

ಅವಳು ಹೇಳಿದಳು. ಹುಣಸೆಹಣ್ಣು, ಉಪ್ಪು, ಅರಿಶಿನ, ಕುಂಕುಮ, ಕರ್ಪೂರ. ಚಿನ್ನಸ್ವಾಮಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಅಯ್ಯೋ ಶಿವ್ನೇ! ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿರ್ತದಮ್ಮ ಗಿಲೀಟು. ಅದಕ್ಕೆ ಹುಳಿ ಹಾಕ್ತಾರಾ? ಹುಳಿಗೆ ಗಿಲೀಟೆಲ್ಲ ಹೋಗಿ, ಒಳಗಿನ ತಾಮ್ರ ಬೆವರಿಗೆ ಕಪ್ಪಾಗೈತೆ. ಒಣಬಟ್ಟೇಲಿ ಒರೆಸಿ ಹತ್ತೀಲಿಟ್ಟಿದ್ರೆ ಇನ್ನೂ ಹತ್ತು ವರ್ಷ ಬರ್ತಿತ್ತು. ಯಾರೋ ಆಸೆಪಟ್ಟು ಗಟ್ಟಿಯಾಗೇ ಹಾಕ್ಸವ್ರೆ, ನೀವು ದೇವ್ರು ಅಂತ ತಿಕ್ಕಿ ತಿಕ್ಕಿ ತೆಗ್ದಿದೀರ."

ಪ್ರಮೋದಾ ಸ್ಟೂಲು ಎಳೆದುಕೊಂಡು ಕೂತಳು. ಹಣೆ ಚಚ್ಚಿಕೊಳ್ಳಬೇಕೋ ನಗಬೇಕೋ ತಿಳಿಯಲಿಲ್ಲ. ಒಂದು ವರ್ಷದಿಂದ ಅವಳು ಅರ್ಪಿತಳ ಕೋಪ ಎಂದು ನಡುಗಿದ್ದು ತನ್ನದೇ ಕೈಯ ಹುಣಸೆಹಣ್ಣಿಗೆ. ಅದಕ್ಕಿಂತ ಕೆಟ್ಟ ಯೋಚನೆ ಅದರ ಹಿಂದೆಯೇ ಬಂತು. ಅಪ್ಪಯ್ಯಣ್ಣ ಸುಳ್ಳು ಹೇಳಿದ್ದರು.

"ಒಂದು ಗಂಟೆ ಕೊಡಿ, ಹೊಸದ್ರಂಗೆ ಮಾಡ್ಕೊಡ್ತೀನಿ," ಎಂದ ಚಿನ್ನಸ್ವಾಮಿ. "ಆದ್ರೆ ಮೊದ್ಲು ಚಕ್ರಕ್ಕೆ ಹಿಡಿದು ಬಫ್ ಹೊಡೀಬೇಕು, ಕಿಲುಬೆಲ್ಲ ಹೋಗ್ಬೇಕಲ್ಲ. ಹೊಡೆದ್ರೆ ಈ ಮುಖ ಉಳಿಯಲ್ಲ. ಮೊದ್ಲೇ ಸವೆದೈತೆ. ಇದು ತೊಳೆದು ಸವೆದಿರೋದಲ್ಲಮ್ಮ, ಯಾರೋ ಬೆರಳಲ್ಲಿ ಉಜ್ಜವ್ರೆ. ದಿನಾ ಉಜ್ಜವ್ರೆ. ನಿಮ್ಗೇನು ಅಭ್ಯಾಸವೇ?"

ಅವಳಿಗೆ ಮಧ್ಯಾಹ್ನದ ಆ ತಣ್ಣನೆಯ ಬೆರಳು ನೆನಪಾಯಿತು. "ಸೋಮವಾರ ಬರ್ತೀನಣ್ಣ," ಎಂದು ಬಿಲ್ಲೆ ಎತ್ತಿಕೊಂಡು ಹೊರಗೆ ಬಂದಳು.

ಮಾರನೇ ದಿನ ಭಾನುವಾರ. ಊಟ ಮಾಡಿ ಚಾಪೆ ಹಾಸಿ, ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳಂತೆ ಉಸಿರಾಡುತ್ತ ಮಲಗಿದಳು. ಬಹಳ ಹೊತ್ತಿನ ಮೇಲೆ ಬೆರಳು ಬಂತು. ಅದೇ ತಣ್ಣನೆಯ ಬೆರಳು, ದಾರವನ್ನು ಹುಡುಕಿಕೊಂಡು, ಬಿಲ್ಲೆಯ ಮೇಲೆ ಬಂದು ನಿಂತಿತು. ಹೆಬ್ಬೆರಳು ಮುಖದ ಮೇಲೆ ಮೆಲ್ಲಗೆ ಓಡಾಡಿತು. ಪ್ರಮೋದಾ ರೆಪ್ಪೆಯ ಸಂದಿಯಿಂದ ನೋಡಿದಳು. ಸಿಂಚನ ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಅಲ್ಲಾಡುತ್ತಿತ್ತು. ಏನೋ ಹೇಳಿ ಸ್ವಲ್ಪ ಸುಮ್ಮನಿರುತ್ತಿದ್ದಳು, ಆಮೇಲೆ ತಲೆ ಆಡಿಸುತ್ತಿದ್ದಳು, ಎದುರಿಗಿರುವವರು ಉತ್ತರ ಕೊಟ್ಟರೆ ಆಡಿಸುವ ಹಾಗೆ.

ಪ್ರಮೋದಾ ಹಂದಾಡಲಿಲ್ಲ. ಹೆದರಿಕೆ ಇನ್ನೂ ಹೋಗಿರಲಿಲ್ಲ, ಆದರೆ ಹೆದರಿಕೆಯ ಜೊತೆಗೆ ದುಃಖವೂ ಒತ್ತಿಕೊಂಡು ಬಂತು. ಹೊಳೆಯುವ ಬೋಳು ಬಿಲ್ಲೆ ಕೊಟ್ಟರೆ ಈ ಬೆರಳು ಏನನ್ನು ಹುಡುಕಬೇಕು? ಮುಖ ಅಳಿಸಿದರೆ ಮಗು ಉಳಿಯುತ್ತದೆ, ಮುಖ ಉಳಿಸಿದರೆ ಮಗು ಹೋಗುತ್ತದೆ. ಸೋಮವಾರ ಅವಳು ದೇವನಹಳ್ಳಿಗೆ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ.

ಹಬ್ಬದ ದಿನ ಅಪ್ಪಯ್ಯಣ್ಣ ಹನ್ನೆರಡಕ್ಕೆಲ್ಲ ಬಂದರು. ನಡುಮನೆಯ ಗೋಡೆಗೆ ಅರ್ಪಿತಳ ಫೋಟೋ, ಕಲಶ, ಹೊಸ ಸೀರೆ, ಒಂದು ಡಜನ್ ಬಳೆ. ಬಾಳೆಲೆಯಲ್ಲಿ ಮುದ್ದೆ, ನಾಟಿಕೋಳಿ ಸಾರು, ಕಜ್ಜಾಯ, ಅವಳಿಗೆ ಪ್ರಾಣವಾಗಿದ್ದ ಬಾಳೆಕಾಯಿ ಬಜ್ಜಿ. ಅಮ್ಮಯಮ್ಮ ಕೈ ಚಾಚಿ, "ಬಿಲ್ಲೆ ಕೊಡು," ಎಂದಳು. ಪ್ರಮೋದಾ ಸೆರಗಿನ ಒಳಗಿಂದ ತೆಗೆದು ಎಡೆಯ ಮುಂದಿಟ್ಟಳು. ಹೂ ಇಡಲಿಲ್ಲ.

ಎಲ್ಲರೂ ನೋಡಿದರು. ಫೋಟೋದ ಕೆಳಗೆ ಆ ಕಪ್ಪು ಚೂರು ಇದ್ದಿಲಿನ ತುಂಡಿನಂತೆ ಬಿದ್ದಿತ್ತು.

"ನೋಡಿದ್ರಾ ಬೀಗ್ರೇ," ಎಂದಳು ಅಮ್ಮಯಮ್ಮ. "ನಾನು ಹೇಳ್ಲಿಲ್ವಾ ನಿಮ್ಗೆ ಫೋನಲ್ಲಿ. ನಿಮ್ ಮಗ್ಳು ಒಪ್ಲಿಲ್ಲ."

ಅಪ್ಪಯ್ಯಣ್ಣ ಬಹಳ ಹೊತ್ತು ಬಿಲ್ಲೆ ನೋಡಿದರು. ಪ್ರಮೋದಾಳ ಮುಖ ನೋಡಲಿಲ್ಲ. "ಆಡಿದ ಮಾತು ಆಡಿದ್ದೇ," ಎಂದರು. "ಸಿಂಚನಾ, ಬಟ್ಟೆ ತುಂಬ್ಕೋ ಮಗಾ. ಎಡೆ ಎತ್ತಿದ್ಮೇಲೆ ಹೋಗಾಣ."

ದೇವರಾಜ್ ತಲೆ ಆಡಿಸಿದ. ಸಿಂಚನ ಕಂಬಕ್ಕೆ ಅಂಟಿಕೊಂಡು ನಿಂತಳು, ಮದುವೆಗೆ ಮುಂಚೆ ಬಂದ ಫೋಟೋದಲ್ಲಿ ಗುರಾಯಿಸಿದ್ದಳಲ್ಲ, ಹಾಗೇ.

ಒಂದು ಮಾತು ಸಾಕಿತ್ತು. ಇದು ಚಿನ್ನವಲ್ಲ, ಈ ಯಜಮಾನರು ಗಿಲೀಟು ತಂದು ಕಟ್ಟಿದರು, ಚಿನ್ನಸ್ವಾಮಿಯನ್ನೇ ಕೇಳಿ. ಅರಿಶಿನಕುಂಟೆಯ ಪ್ರಮೋದಾ ಆಗಿದ್ದರೆ ಒಂದಕ್ಕೆ ಎರಡು ಸೇರಿಸಿ ಹೇಳಿರುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಎದುರಿಗೆ ಫೋಟೋದಲ್ಲಿ ಅರ್ಪಿತ ನಗುತ್ತಿದ್ದಳು. ಅವಳ ಎಡೆಯ ಮುಂದೆ, ಅವಳ ಅಪ್ಪನನ್ನು, ಅವಳ ಮಗಳ ಕಣ್ಣೆದುರು ಕಳ್ಳ ಅನ್ನುವುದು ಹೇಗೆ? ಮಗು ಹೋಗುತ್ತದೆಂದು ಒಡಲು ಉರಿಯುತ್ತಿದ್ದರೂ ಅವಳಿಂದ ಆಗಲಿಲ್ಲ.

"ಅಕ್ಕಂದೇನೂ ತಪ್ಪಿಲ್ಲ ಯಜಮಾನ್ರೇ," ಎಂದಳು. "ನಾನೇ ಹುಣಸೆಹಣ್ಣಲ್ಲಿ ತಿಕ್ಕಿ ತಿಕ್ಕಿ ಹಾಳು ಮಾಡ್ದೆ. ಒಣಬಟ್ಟೇಲಿ ಒರೆಸ್ಬೇಕಿತ್ತು."

"ಏನ್ ಮಾತೂಂತ ಆಡ್ತೀಯೇ!" ಎಂದಳು ಅಮ್ಮಯಮ್ಮ. "ಹುಣಸೆಹಣ್ಣಿಗೆ ಚಿನ್ನ ಕಪ್ಪಾಗ್ತದಾ?"

"ನನ್ನ ಕೈಗುಣ ಅತ್ತೆ," ಎಂದು ಪ್ರಮೋದಾ ತಲೆ ತಗ್ಗಿಸಿದಳು.

ಆಗ ಅಪ್ಪಯ್ಯಣ್ಣ ಮೊದಲ ಸಲ ಅವಳ ಮುಖ ನೋಡಿದರು. ಅವಳಿಗೆ ಗೊತ್ತಾಗಿದೆ ಎನ್ನುವುದು ಅವರಿಗೆ ತಿಳಿಯಿತು.

ಕರ್ಪೂರ ಹಚ್ಚಿ ಎಲ್ಲರೂ ಹೊರಗೆ ಬಂದರು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಜಗುಲಿಯಲ್ಲಿ ಕಾಯುವುದು ವಾಡಿಕೆ. ನಡು ಮಧ್ಯಾಹ್ನದ ಬಿಸಿಲು. ಒಳಗಿಂದ ಸಣ್ಣ ಸದ್ದೂ ಇಲ್ಲ. ಸಿಂಚನ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು. ಅಪ್ಪಯ್ಯಣ್ಣ ಟವೆಲನ್ನು ಹೆಗಲಿಂದ ತೆಗೆದರು, ಮಡಿಚಿದರು, ಮತ್ತೆ ಬಿಚ್ಚಿದರು.

"ಅದು ಚಿನ್ನ ಅಲ್ಲ ಅಮ್ಮಯಮ್ನೋರೇ," ಎಂದರು ಕೊನೆಗೆ.

ಅಮ್ಮಯಮ್ಮ ಸರಕ್ಕನೆ ಅವರ ಕಡೆ ತಿರುಗಿದಳು.

"ಓಲೆ ತಗೊಂಡು ಅಕ್ಕಸಾಲಿ ಹತ್ರ ಹೋಗಿದ್ದೆ. ಬೆಂಕಿ ಮುಂದೆ ಕೂತ ಮೇಲೆ ಕೊಡೋಕಾಗ್ಲಿಲ್ಲ. ಒಂದ್ಸಲ ಸುಟ್ಟಿದೀನಿ ಅವ್ಳನ್ನ, ಇನ್ನೊಂದ್ಸಲ ಹೆಂಗೆ ಸುಡ್ಲಿ? ಗಿಲೀಟಿಂದು ಮಾಡ್ಸ್ಕೊಂಡು ಬಂದೆ." ಅವರು ಟವೆಲಿನಿಂದ ಬಾಯಿ ಒತ್ತಿಕೊಂಡರು. "ಅಷ್ಟೇ ಆಗಿದ್ರೆ ಸರಿಯಿತ್ತು. ಮಂಟಪದಲ್ಲಿ ಆ ಮಾತು ಆಡ್ದಾಗ ನಂಗೊತ್ತಿತ್ತು, ಇದು ಒಂದಿನ ಕಪ್ಪಾಗೇ ಆಗ್ತದೆ ಅಂತ. ನಾನು ಕಾಯ್ತಿದ್ದೆ. ಒಪ್ಪದೇ ಇದ್ದಿದ್ದು ಅವ್ಳಲ್ಲ, ನಾನು."

ಅಮ್ಮಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ದೇವರಾಜ್, ಜನ್ಮದಲ್ಲಿ ಮೊದಲ ಸಲ, ತಲೆ ಆಡಿಸಲಿಲ್ಲ. "ಮಗು ಎಲ್ಲೂ ಬರಲ್ಲ ಮಾವ," ಎಂದ.

"ಬೇಡಪ್ಪ. ಕೇಳಲ್ಲ."

ಸಿಂಚನ ಬಾಗಿಲಿನಿಂದ ಕಿವಿ ತೆಗೆದಳು. "ತಾತ, ಹಂಗಾದ್ರೆ ಅಮ್ಮ ಅದ್ರೊಳ್ಗೆ ಇಲ್ವಾ?"

"ಇಲ್ಲ ಮಗಾ. ನಮ್ಮನೇಲವ್ಳೆ, ಪೆಟ್ಟಿಗೇಲಿರೋ ಓಲೇಲಿ. ನಾನೇ ಬರೋಕೆ ಬಿಡ್ಲಿಲ್ಲ."

ಆ ಮಾತು ಕೇಳಿ ಪ್ರಮೋದಾ ಮುಚ್ಚಿದ ಬಾಗಿಲ ಕಡೆ ನೋಡಿದಳು. ಅಕ್ಕಾ ಎಂದು ಇಷ್ಟು ದಿನ ಬೇಡಿಕೊಂಡಿದ್ದು ಯಾರನ್ನು? ಒಗ್ಗರಣೆ ಹಾಕುವಾಗ ಬೆನ್ನ ಹಿಂದೆ ನಿಂತಿದ್ದವರು ಯಾರು? ಯಾರೂ ಇರಲಿಲ್ಲ ಎಂದುಕೊಂಡರೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಮನೆಯಲ್ಲಿ ಒಬ್ಬರು ಕಡಿಮೆಯಾದ ಹಾಗೆ ಅನ್ನಿಸಿ ಅಳು ಬಂತು.

ಅಪ್ಪಯ್ಯಣ್ಣ ಸಂಜೆ ಬಸ್ಸಿಗೆ ಒಬ್ಬರೇ ಹೋದರು. ಪಿತೃಪಕ್ಷ ಕಳೆದ ಮೇಲೆ, ಶುಕ್ರವಾರ ಬೆಳಗ್ಗೆ ಮತ್ತೆ ಬಂದರು. ಬಗಲಲ್ಲಿ ಬಟ್ಟೆಯ ಚೀಲ. ಕಾಫಿಯೂ ಬೇಡವೆಂದು, ಪ್ರಮೋದಾಳನ್ನು ಚಾಪೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಚೀಲದಿಂದ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ವೀಳ್ಯದೆಲೆ, ಅರಿಶಿನದ ಕೊಂಬು ತೆಗೆದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುತ್ತಾರಲ್ಲ, ಅದೇ ಸಾಮಾನು.

"ಇದು ಹೆಂಗಸರು ಮಾಡೋ ಕೆಲ್ಸ," ಎಂದರು ಅಮ್ಮಯಮ್ಮನಿಗೆ. "ಹೆತ್ತೋಳಿದ್ದಿದ್ರೆ ಅವ್ಳು ಹಾಕೋಳು. ಅವ್ಳೂ ಹೋದ್ಲು. ತಪ್ಪಾದ್ರೆ ಹೇಳ್ಕೊಡಿ."

ಅಮ್ಮಯಮ್ಮ ಸೊಸೆಯ ಸೆರಗನ್ನು ಹರಡಿ ಹಿಡಿದಳು. ಅಪ್ಪಯ್ಯಣ್ಣ ದಪ್ಪ ಬೆರಳುಗಳಲ್ಲಿ ಐದು ಸಲ ಅಕ್ಕಿ ಹಾಕಿದರು, ಒಂದಷ್ಟು ನೆಲಕ್ಕೂ ಚೆಲ್ಲಿತು. ಕೊನೆಗೆ ಅಂಗಿಯ ಜೇಬಿನಿಂದ ರವಿಕೆ ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಡಬ್ಬಿ ತೆಗೆದು ಅಕ್ಕಿಯ ಮೇಲಿಟ್ಟರು. ಕೈ ಸ್ವಲ್ಪ ಹೊತ್ತು ಅದರ ಮೇಲೇ ಇತ್ತು. ಆಮೇಲೆ ಕೈ ತೆಗೆದರು.

"ತಡ ಆಯ್ತು. ಕಳಿಸ್ಕೊಡ್ತಾ ಇದೀನಿ ಕಣಮ್ಮ. ಚೆನ್ನಾಗಿ ನೋಡ್ಕೊ."

ಎರಡು ಓಲೆ, ಏನು ಮಹಾ ತೂಕ. ಆದರೂ ಪ್ರಮೋದಾಳಿಗೆ ತೊಡೆ ಭಾರವಾಯಿತು. ಇಷ್ಟು ದಿನ ಅವಳು ಹೆದರಿದ್ದು ಖಾಲಿ ತಾಮ್ರಕ್ಕೆ, ಈಗ ನಿಜವಾದವಳು ಮಡಿಲಿಗೆ ಬಂದಿದ್ದಳು. ಡಬ್ಬಿಯ ಮೇಲೆ ಸೆರಗು ಮುಚ್ಚಿ, ಹೊಸ್ತಿಲಲ್ಲಿ ನಿಂತ ಮದುಮಗಳನ್ನು ಕರೆಯುವಷ್ಟೇ ಮೆಲ್ಲಗೆ ಕರೆದಳು.

"ಬಾ ಅಕ್ಕ. ಒಳಗೆ ಬಾ."

ಅವಳ ಮೈಗಂಟಿ ಕೂತಿದ್ದ ಸಿಂಚನ, ಒಂದಾಳು ಕೂರುವಷ್ಟು ಆಚೆಗೆ ಸರಿದು, ಚಾಪೆಯಲ್ಲಿ ಜಾಗ ಬಿಟ್ಟಳು.